ಬೇಡದ್ದನ್ನು ಹೊಡೆದುಹಾಕಿ

ಪೆನ್ಸಿಲ್ ಎಳೆದದ್ದಂತೂ ನಿಜ, ಅದರ ಕರಕರ ಸದ್ದು ಇನ್ನೂ ಕಿವಿಯಲ್ಲಿತ್ತು. ಆದರೆ ಎಳೆದದ್ದು ಯಾವ ಸಾಲಿನ ಮೇಲೆ? ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಕೆಂಪು ಬಟ್ಟೆ ಅಂಟಿಸಿದ ಪೆಟ್ಟಿಗೆಯೊಳಗೆ ತೂರಿಸಿ, ಸಭಾಂಗಣಕ್ಕೆ ಮರಳಿ, ಕಿಟಕಿ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತು ಮೊಣಕಾಲ ಮೇಲೆ ಕೈಯಿಟ್ಟುಕೊಂಡ ಮೇಲೆ ಗ್ಲೆಬ್ ಸಾವಿಚ್ ಒಜೆರೊವ್ ಅವರಿಗೆ ಈ ಪ್ರಶ್ನೆ ಬಂತು. ಮೊದಲು ಬಂದದ್ದು ತಮಾಷೆಯಾಗಿಯೇ. ಎಪ್ಪತ್ತೆಂಟು ವರ್ಷದವನಿಗೆ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ, ಒಲೆ ಆರಿಸಿದೆನೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ಬರುವ ಅನುಮಾನಗಳಿಗೆ ಇದೊಂದು ಹನ್ನೊಂದನೆಯದು ಎಂದುಕೊಂಡು ಒಳಗೇ ನಕ್ಕರು. ಆಮೇಲೆ ಚೀಟಿಯನ್ನು ಮನಸ್ಸಿನಲ್ಲೇ ಬಿಡಿಸಿ ನೋಡಿದರು. ಚೀಟಿ ಅಂಗೈಯಗಲದ್ದು. ಮೇಲೆ ಅಭ್ಯರ್ಥಿಯ ಹೆಸರು, ಅಸ್ಯಾ ಇಸಾಯೆವ್ನಾ ಬ್ರಾನ್. ಕೆಳಗೆ ಎರಡು ಸಾಲು: ಪದವಿಗೆ ಅರ್ಹಳು, ಪದವಿಗೆ ಅರ್ಹಳಲ್ಲ. ಅದರ ಕೆಳಗೆ, ಈ ದೇಶದ ಎಲ್ಲ ಚೀಟಿಗಳಲ್ಲೂ ಇರುವ ಹಾಗೆ, ಸಣ್ಣ ಅಕ್ಷರದ ಅಪ್ಪಣೆ: ಬೇಡದ್ದನ್ನು ಹೊಡೆದುಹಾಕಿ. ಬೇಕಾದ್ದಕ್ಕೆ ಗುರುತು ಹಾಕುವ ಪದ್ಧತಿ ಇಲ್ಲಿಲ್ಲ. ಬೇಡದ್ದನ್ನು ಅಳಿಸಬೇಕು, ಅಳಿಸದೆ ಉಳಿದದ್ದೇ ನಿಮ್ಮ ಮನಸ್ಸು ಎಂದು ಸರ್ಕಾರ ತಿಳಿದುಕೊಳ್ಳುತ್ತದೆ.

ಬಲಗಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು, ಎಡಗಣ್ಣು ಈ ಚಳಿಗಾಲದಲ್ಲಿ ಅದರ ಜೊತೆ ಸೇರಿಕೊಂಡಿತ್ತು. ಭೂತಗನ್ನಡಿಯಿಲ್ಲದೆ ಅಕ್ಷರವೆಂಬುದು ಅವರಿಗೆ ಇರುವೆಗಳ ಸಾಲು. ಆ ಭೂತಗನ್ನಡಿ ಓವರ್‌ಕೋಟಿನ ಜೇಬಿನಲ್ಲಿತ್ತು, ಓವರ್‌ಕೋಟು ಎರಡು ಮಹಡಿ ಕೆಳಗೆ ಕೋಟು ಒಪ್ಪಿಸಿಕೊಳ್ಳುವ ಮುದುಕಿಯ ಕೊಕ್ಕೆಯಲ್ಲಿ ತೂಗುತ್ತಿತ್ತು. ಮತ ಹಾಕುವ ಪಕ್ಕದ ಕೋಣೆಯಲ್ಲಿ ಮೇಜಿನೆದುರು ನಿಂತಾಗ ಇದು ನೆನಪಾಗಿತ್ತು, ಅಷ್ಟರಲ್ಲಿ ಬೆನ್ನ ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿ, ಬೇಗ ಮಾಡಿ ಎಂಬಂತೆ ಬೂಟು ಸರಿಸಿದ್ದರು. ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಕೇಳಬಹುದಿತ್ತು. ಕೇಳಿದರೆ ಮತ ಹೊರಗೆ ಬಂದಂತೆ. ಅದಕ್ಕಿಂತ ಹೆಚ್ಚಾಗಿ, ನಲವತ್ತು ವರ್ಷ ಗ್ರೀಕ್ ಹಸ್ತಪ್ರತಿಗಳ ಮಸುಕಾದ ಅಕ್ಷರ ಬಿಡಿಸಿದವನಿಗೆ ಎರಡು ಸಾಲು ರಷ್ಯನ್ ಓದಲಾಗುತ್ತಿಲ್ಲವೆಂದು ಆ ಕೆಮ್ಮಿನ ಮನುಷ್ಯನಿಗೆ ತಿಳಿದುಬಿಡುತ್ತಿತ್ತು. ಉದ್ದದ ಸಾಲು ಬೇಡದ್ದು ಎಂದು ಲೆಕ್ಕ ಹಾಕಿ ಎಳೆದರು. ಅಷ್ಟು ನೆನಪಿದೆ. ಚೀಟಿಯನ್ನು ತಲೆಕೆಳಗಾಗಿ ಹಿಡಿದಿದ್ದೆನೇ? ಉದ್ದ ಎಂದು ಕಂಡದ್ದು ಹೆಸರಿನ ಸಾಲೇ? ಅಥವಾ ಒಂದು ಎಳೆದು, ತಪ್ಪಾಯಿತೆಂದು ಇನ್ನೊಂದನ್ನೂ ಎಳೆದೆನೇ? ಪೆನ್ಸಿಲಿನ ಸದ್ದು ಒಂದೇ ಸಲದ್ದೋ ಎರಡು ಸಲದ್ದೋ ಎಂದು ಕಿವಿಗೊಟ್ಟರೆ, ಕಿವಿ ಕೇಳಿದ್ದಕ್ಕೆಲ್ಲ ಹೌದು ಹೌದು ಎನ್ನುತ್ತಿತ್ತು.

ಅಸ್ಯಾ ಶಾಖದ ಕೊಳವೆಗಳಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವರಿಗೆ ಅವಳು ನೀಲಿ ಮಂಜಿನ ಹಾಗೆ ಕಾಣುತ್ತಿದ್ದಳು, ನೀಲಿ ಅವಳ ಅಂಗಿ. ಹಳೆಯ ಗ್ರೀಕರ ಆಣೆ ಪ್ರಮಾಣಗಳ ಬಗ್ಗೆ ಐದು ವರ್ಷ ಕೂತು ಬರೆದ ಪ್ರಬಂಧವನ್ನು ಈಗ ಮೂರು ಗಂಟೆ ಸಮರ್ಥಿಸಿ ಮುಗಿಸಿದ್ದಳು. ಹದಿನಾರು ಜನ ಸದಸ್ಯರಲ್ಲಿ ಹನ್ನೊಂದು ಮತ ಬಿದ್ದರೆ ಪದವಿ, ಹತ್ತಾದರೆ ಇಲ್ಲ. ವಿಭಾಗದ ಮುಖ್ಯಸ್ಥ ಪ್ರೊಕೋಫಿ ನಿಕಿತಿಚ್ ಸಿಚೋವ್, ಆಣೆ ಇಡುವ ಗ್ರೀಕರಿಂದ ನಮ್ಮ ಓದುಗನಿಗೆ ಏನು ಪ್ರಯೋಜನ ಎಂದು ಎದ್ದು ಕೇಳಿದ್ದ. ಅವನ ಮಾತು ಮೀರದವರು ನಾಲ್ಕು ಮಂದಿ ಸಭೆಯಲ್ಲಿದ್ದರು. ನಾಲ್ಕು, ಅವನೊಬ್ಬ ಐದು. ಆರನೆಯದು ಬಿದ್ದರೆ ಮುಗಿಯಿತು. ಆ ಆರನೆಯದು ತಮ್ಮ ಕೈಯಿಂದಲೇ ಬಿದ್ದಿರಬಹುದು. ಅದೂ ಈ ಕೈಯಿಂದ, ಅದೂ ಹಳೆಯ ಗೆಳೆಯ ಇಸೈನ ಮಗಳಿಗೆ.

ಸಭೆಯ ಕಾರ್ಯದರ್ಶಿ ನಿನೆಲ್ ವಾಸಿಲ್ಯೆವ್ನಾ ಪಕ್ಕದಲ್ಲಿ ಹಾದುಹೋದಾಗ ಅವಳ ತೋಳು ಹಿಡಿದರು. ಹಾಕಿದ ಚೀಟಿಯನ್ನು ಒಂದು ಸಲ ನೋಡಲು ಆಗುತ್ತದೆಯೇ ಎಂದು, ಯಾವುದೋ ನಿಯಮದ ಬಗ್ಗೆ ವಿಚಾರಿಸುವವರ ಹಾಗೆ ಕೇಳಿದರು. ಅವಳು ಬಗ್ಗಿ, ಕಿವುಡರಿಗೆ ಹೇಳುವ ಹಾಗೆ ಹೇಳಿದಳು.

"ಗ್ಲೆಬ್ ಸಾವಿಚ್, ಅದು ಗುಪ್ತ ಮತದಾನ. ನಿಮ್ಮಿಂದಲೂ ಗುಪ್ತ."

ಹಿಂದಿನ ಕುರ್ಚಿಯವರು ನಕ್ಕರು. ಮುದುಕರ ವಿಷಯದಲ್ಲಿ ನಗುವ ಆ ಮೆತ್ತನೆಯ ನಗು. ಅವರೂ ನಕ್ಕರು, ನಕ್ಕದ್ದಕ್ಕೆ ತಮ್ಮ ಮೇಲೇ ಹೇಸಿಗೆಯಾಯಿತು. ಮುಖ ಸಣ್ಣ ಮಾಡಿಕೊಳ್ಳುವುದು ಅವರಿಗೆ ಹೊಸದೇನಲ್ಲ. ವೊಲೊಗ್ದಾ ಕಡೆಯ ಹಳ್ಳಿಯ ಚರ್ಚಿನಲ್ಲಿ ದೀಪ ಹಚ್ಚುತ್ತಿದ್ದ ಸಾವಾನ ಮಗ, ಹದಿನಾರಕ್ಕೆ ಗ್ರೀಕ್ ಕಾವ್ಯ ಬಾಯಿಪಾಠ, ಮೂವತ್ತೊಂದಕ್ಕೆ ಮೊದಲ ಪುಸ್ತಕ. ಆ ಪುಸ್ತಕ ಅಂಗಡಿಗೆ ಬರುವ ಮೊದಲೇ ಕಾಗದದ ಗಿರಣಿಗೆ ಹೋಯಿತು, ಬರೆದವನು ಉತ್ತರದ ಕಾಡಿಗೆ, ಮೂರು ವರ್ಷ ಮರದ ದಿಮ್ಮಿ ಉರುಳಿಸಲು ಹೋದ. ಅಲ್ಲಿ ಹಿಮದ ಬಿಳುಪಿಗೆ ಕಣ್ಣು ಮೊದಲ ಸಲ ಕೆಟ್ಟಿತು. ಬಿಟ್ಟು ಕಳಿಸಿದ ಮೇಲೆ ತತ್ತ್ವಶಾಸ್ತ್ರವೆಂಬ ಮಾತು ಎತ್ತಕೂಡದೆಂಬ ಷರತ್ತಿನ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳಿಗೆ ಲ್ಯಾಟಿನ್ ಹೇಳಿಕೊಡುವ ಕೆಲಸ ಸಿಕ್ಕಿತು. ಆತ್ಮದ ಬಗ್ಗೆ ಬರೆದವರು ಹನ್ನೊಂದು ವರ್ಷ ಮೂಳೆಗಳ ಹೆಸರು ಹೇಳಿಕೊಟ್ಟರು. ತೊಡೆಮೂಳೆ, ಪಕ್ಕೆಲುಬು, ಕಿರುಬೆರಳಿನ ಮೂರು ಗೆಣ್ಣು. ಹಲವು ಕುಟುಂಬಗಳು ಹಂಚಿಕೊಂಡಿರುವ ಮನೆಯ ನೆರೆಯವಳು ಗ್ಲಾಫಿರಾ ಇವತ್ತಿಗೂ ಮೊಣಕಾಲು ನೋವು ಬಂದರೆ ಅವರ ಬಾಗಿಲು ಬಡಿದು, ನೀವು ಡಾಕ್ಟರೇ ತಾನೆ, ಮದ್ದು ಹೇಳಿ ಎನ್ನುತ್ತಾಳೆ. ಅವಳ ಪಾಲಿಗೆ ಅವರು ಮುಲಾಮು ಬಚ್ಚಿಟ್ಟುಕೊಂಡ ಜಿಪುಣ ಡಾಕ್ಟರು.

ಮೂಳೆಗಳಿಂದ ಅವರನ್ನು ಬಿಡಿಸಿ ಈ ಸಂಸ್ಥೆಗೆ ಕರೆತಂದವನು ಇಸೈ ನೌಮೊವಿಚ್ ಬ್ರಾನ್. ಯುದ್ಧ ಮುಗಿದ ವರ್ಷ. ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕೂತು, ಕಂಬಗಳ ಮಂಟಪದಡಿ ನಿಂತು ಪಾಠ ಹೇಳುತ್ತಿದ್ದ ಆ ಹಳೆಯ ಗ್ರೀಕರ ಚೂರುಪಾರು ಮಾತುಗಳನ್ನು ರಷ್ಯನ್ನಿಗೆ ತಂದರು. ಪಠ್ಯ ಗ್ಲೆಬ್‌ದು, ಅಡಿಟಿಪ್ಪಣಿ ಇಸೈದು. ಆ ಗುರುಗಳಲ್ಲೊಬ್ಬ ಶಿಷ್ಯರೆದುರು ಅಂಗೈ ಬಿಚ್ಚಿ ಹಿಡಿಯುತ್ತಿದ್ದನಂತೆ: ಲೋಕ ನಿನ್ನ ಮನಸ್ಸಿಗೆ ಬಂದು ಬೀಳುವುದು ಹೀಗೆ. ಬೆರಳು ಸ್ವಲ್ಪ ಮಡಚಿ: ನೀನು ಅದಕ್ಕೆ ಹೌದು ಅನ್ನುವುದು ಹೀಗೆ. ಅಂಗೈ ಮೇಲೆ ಏನು ಬೀಳುತ್ತದೋ ನಿನ್ನ ವಶದಲ್ಲಿಲ್ಲ, ಬೆರಳು ಮಡಚುವುದು ಮಾತ್ರ ನಿನ್ನದು, ಅದನ್ನು ಅರಸನೂ ನಿನ್ನಿಂದ ಕಿತ್ತುಕೊಳ್ಳಲಾರ. ಇಸೈ ಇದನ್ನು ಟ್ರಾಮಿನಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಪಟ್ಟಿ ಹಿಡಿದು ಇನ್ನೊಂದು ಕೈಯಲ್ಲಿ ಮಾಡಿ ತೋರಿಸುತ್ತಿದ್ದ. ಟಿಕೆಟಿನವಳು ಅವನ ಬಿಚ್ಚಿದ ಅಂಗೈಗೆ ಟಿಕೆಟ್ ಇಟ್ಟು ಹೋಗುತ್ತಿದ್ದಳು. ಆ ಒಂದು ಬೆರಳು ಮಡಚುವಿಕೆಯ ಮೇಲೆ ಗ್ಲೆಬ್ ಸಾವಿಚ್ ನಾನೂರು ಪುಟದ ಪುಸ್ತಕ ಬರೆದರು, ಸಮ್ಮತಿಯ ಬಗ್ಗೆ. ಅದು ಅಚ್ಚಾದದ್ದು ಇಸೈ ಸತ್ತು ಹದಿನೇಳು ವರ್ಷಕ್ಕೆ. ಟಿಪ್ಪಣಿಗಳಿಗಾಗಿ ದಿವಂಗತ ಸಹೋದ್ಯೋಗಿಯೊಬ್ಬರಿಗೆ ಕೃತಜ್ಞತೆ ಎಂದು ಮುನ್ನುಡಿಯಲ್ಲಿ ಬರೆದರು. ಹೆಸರು ಹಾಕಬಹುದಿತ್ತು, ಅಷ್ಟು ಹೊತ್ತಿಗೆ ಹಾಕಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅಚ್ಚಿನ ಕರಡು ಬಂದಾಗ ಹಾಕೋಣ ಎಂದುಕೊಂಡರು. ಕರಡು ಬಂತು, ಗ್ರೀಕ್ ಸ್ವರಚಿಹ್ನೆಗಳನ್ನು ತಿದ್ದಿ ಕಳಿಸಿದರು.

ಸಭಾಂಗಣವೂ ಇದೇ. ಪರದೆ ಮಾತ್ರ ಬದಲಾಗಿತ್ತು. ನಲವತ್ತೊಂಬತ್ತರ ಏಪ್ರಿಲ್, ನೆವಾ ನದಿಯ ಮಂಜುಗಡ್ಡೆ ಒಡೆದು ಹೋಗುತ್ತಿದ್ದ ವಾರ. ಪಶ್ಚಿಮದೆದುರು ಮಂಡಿಯೂರಿದ ಬೇರಿಲ್ಲದವರು ಎಂದು ಪತ್ರಿಕೆಗಳು ದಿನಕ್ಕೊಬ್ಬರನ್ನು, ಹೆಚ್ಚಾಗಿ ಯಹೂದಿಗಳನ್ನು, ಹೆಸರಿಸುತ್ತಿದ್ದವು. ಇಸೈ ಮೊದಲ ಸಾಲಿನಲ್ಲಿ ಕೂತಿದ್ದ. ಅವನ ಆ ಬದಿ ಮೂರು ಕುರ್ಚಿ, ಈ ಬದಿ ಮೂರು ಕುರ್ಚಿ ಖಾಲಿ. ಯಾರು ಯಾವಾಗ ಎದ್ದು ಸರಿದರೋ, ನೋಡುವ ಹೊತ್ತಿಗೆ ಖಾಲಿ. ಒಬ್ಬ ಎಳೆಯ ವಿದ್ಯಾರ್ಥಿ ಕಾಗದ ನೋಡಿಕೊಂಡು ಭಾಷಣ ಓದಿದ. ಬ್ರಾನ್ ಅವರನ್ನು ಕೆಲಸದಿಂದ ತೆಗೆಯಬೇಕೆನ್ನುವವರು ಕೈ ಎತ್ತಿ ಎಂದರು. ಗ್ಲೆಬ್ ಸಾವಿಚ್ ಮೂರನೇ ಸಾಲಿನಲ್ಲಿದ್ದರು. ಮುಂದಿನದು ನೆನಪಿಗೆ ಬಂದಾಗಲೆಲ್ಲ ಅವರಿಗೆ ಕಾಣುವುದು ತಮ್ಮ ಕೋಟಿನ ತೋಳು, ಅದರ ಅಂಚಿನಲ್ಲಿ ಬಿಚ್ಚಿಕೊಂಡ ದಾರ, ಆ ದಾರ ಕಣ್ಣ ಮಟ್ಟಕ್ಕೆ ಬಂದದ್ದು. ಇಸೈ ತಿರುಗಿ ನೋಡಲಿಲ್ಲ. ಅವನಿಗೆ ಆಮೇಲೆ ಕೊಸ್ತ್ರೊಮಾದ ಶಾಲೆಯೊಂದರಲ್ಲಿ ಜರ್ಮನ್ ಹೇಳಿಕೊಡುವ ಕೆಲಸ ಸಿಕ್ಕಿತಂತೆ. ಹೆಂಡತಿ ಮಗಳನ್ನು ಇಲ್ಲೇ ಬಿಟ್ಟು ಹೋಗಿದ್ದ. ಎರಡು ವರ್ಷಕ್ಕೆ ಹೃದಯ ನಿಂತುಹೋಯಿತು. ಆ ಸಭೆಯ ವಾರದಲ್ಲೇ ಒಂದು ದಿನ ಗ್ಲೆಬ್ ಸಾವಿಚ್ ಇಸೈನ ಮನೆಗೆ ಹೋಗಬೇಕೆಂದು ಹೊರಟು, ಮೂರನೇ ಮಹಡಿಯ ಮೆಟ್ಟಿಲ ತನಕ ಹತ್ತಿ, ಮೇಲೆ ಬಾಗಿಲು ತೆರೆದ ಸದ್ದಾಗಿ ಇಳಿದುಬಂದಿದ್ದರು. ಇಳಿಯುವಾಗ ಮೆಟ್ಟಿಲ ಮೇಲೆ ಯಾರದೋ ಬೆಕ್ಕು ಕೂತಿತ್ತು. ಹದಿಮೂರು ವರ್ಷವಾದ ಮೇಲೆ ಹತ್ತೊಂಬತ್ತರ ಅಸ್ಯಾ ಅವರ ಬಾಗಿಲಲ್ಲಿ ನಿಂತು, ಗ್ರೀಕ್ ಕಲಿಸಿ ಎಂದಳು. ನಿಮ್ಮಮ್ಮನಿಗೆ ಗೊತ್ತೇ ಎಂದು ಅವರು ಕೇಳಲಿಲ್ಲ. ಪ್ರತಿ ಗುರುವಾರ ಬಂದಳು. ಬಳೆಯಾಕಾರದ ಗಟ್ಟಿ ಸುಷ್ಕಿ ಬಿಸ್ಕತ್ತುಗಳನ್ನು ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತ, ಕ್ರಿಯಾಪದ ಒಪ್ಪಿಸುತ್ತ, ಹದಿನಾಲ್ಕು ವರ್ಷ. ಅಪ್ಪನ ಹೆಸರು ಇಬ್ಬರೂ ಎತ್ತಲಿಲ್ಲ. ಅವಳಿಗೆ ಎಲ್ಲ ಗೊತ್ತಿದೆ ಎಂದು ಒಂದು ಗುರುವಾರ ಅನಿಸಿದರೆ, ಮುಂದಿನ ಗುರುವಾರ ಏನೂ ಗೊತ್ತಿಲ್ಲ ಅನಿಸುತ್ತಿತ್ತು.

ಎಣಿಸುವ ಮೂವರು ಒಳಗೆ ಬಂದರು. ಕುರ್ಚಿಗಳ ಸದ್ದು ಅಡಗಿತು. ಹಂಚಿದ ಚೀಟಿ ಹದಿನಾರು, ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಹದಿನಾರು. ಅರ್ಹಳು ಎಂದವರು ಹದಿನೈದು. ಅರ್ಹಳಲ್ಲ ಎಂದವರು ಒಬ್ಬರು. ಅಸಿಂಧುವಾದ ಚೀಟಿ ಇಲ್ಲ.

ಚಪ್ಪಾಳೆ. ನೀಲಿ ಮಂಜಿನ ಸುತ್ತ ಜನ ಸೇರಿದರು. ಅವಳು ಗೆದ್ದಳು ಎಂಬುದು ಗ್ಲೆಬ್ ಸಾವಿಚ್ ಅವರಿಗೆ ತಿಳಿಯಿತು, ಸಂತೋಷ ಕೂರಲು ಜಾಗ ಹುಡುಕಿತು, ಆ ಜಾಗದಲ್ಲಾಗಲೇ ಆ ಒಬ್ಬರು ಕೂತಿದ್ದರು. ಐದಾರು ವಿರುದ್ಧ ಬಿದ್ದಿದ್ದರೆ ಅದರ ನಡುವೆ ತಮ್ಮದೊಂದು ಕಳೆದುಹೋಗಬಹುದಿತ್ತು. ಈಗ ಒಂದೇ ಒಂದು, ಬಯಲಿನಲ್ಲಿ ನಿಂತ ಕುರಿಯ ಹಾಗೆ. ನಿನೆಲ್ ವಾಸಿಲ್ಯೆವ್ನಾ, ಒಂದು ವಿರುದ್ಧ ಇದ್ದದ್ದೇ ಒಳ್ಳೆಯದಾಯಿತು, ಎಲ್ಲರೂ ಹೌದು ಅಂದರೆ ಮಾಸ್ಕೋದವರಿಗೆ ಅನುಮಾನ ಬರುತ್ತದೆ, ಒಂದಾದರೂ ಇಲ್ಲ ಇದ್ದರೆ ನಿಜವಾದ ಮತದಾನ ಅಂತ ಬೇಗ ಮೊಹರು ಒತ್ತುತ್ತಾರೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಯಾರು ಹಾಕಿದರೋ ಪುಣ್ಯಾತ್ಮರು ಎಂದಳು. ಎಲ್ಲರ ಕಣ್ಣೂ ಪ್ರೊಕೋಫಿ ನಿಕಿತಿಚ್ ಕಡೆ ಹೋದದ್ದು ಗ್ಲೆಬ್ ಸಾವಿಚ್ ಅವರಿಗೆ ಕಾಣಲಿಲ್ಲ, ಆದರೆ ತಿಳಿಯಿತು. ಹೌದು, ಅವನೇ. ಅವನಲ್ಲದೆ ಇನ್ನಾರು? ಆ ನೆಮ್ಮದಿಯನ್ನು ಹಿಡಿದುಕೊಂಡು, ಕೈಕಂಬಿ ತಡವುತ್ತ ಎರಡು ಮಹಡಿ ಇಳಿದರು.

ಕೆಳಗೆ ಕೋಟು ಕೊಡುವ ಕಟಕಟೆಯಲ್ಲಿ ಯಾರೋ ಅವರ ಓವರ್‌ಕೋಟನ್ನು ಬಿಡಿಸಿ ಹಿಂದಿನಿಂದ ಹಿಡಿದರು. ತೋಳು ತೂರಿಸಿದ ಮೇಲೆ, ಹಿಡಿದವನು ಪ್ರೊಕೋಫಿ ನಿಕಿತಿಚ್ ಎಂದು ಧ್ವನಿಯಿಂದ ಗೊತ್ತಾಯಿತು.

"ಎಲ್ರೂ ನನ್ನ ಮುಖ ನೋಡ್ತಾ ಇದಾರೆ, ಗ್ಲೆಬ್ ಸಾವಿಚ್. ನೋಡ್ಲಿ. ನಾನು ಹೌದು ಅಂತ್ಲೇ ಹಾಕಿದ್ದು. ನನ್ನವರಿಗೂ ಹಾಗೇ ಹಾಕಿ ಅಂದಿದ್ದೆ."

ಮತ್ತೆ ಪ್ರಶ್ನೆ ಕೇಳಿ ಅವಳನ್ನು ಅಷ್ಟು ಹಿಂಡಿದಿರಲ್ಲ ಎಂದರೆ, ಅದು ಪ್ರಶ್ನೆ ಕೇಳುವ ಜಾಗ, ಕೇಳಿದೆ ಎಂದ. ಆಮೇಲೆ ಸ್ಕಾರ್ಫ್ ಕಟ್ಟಿಕೊಳ್ಳುತ್ತ, ಹವಾಮಾನದ ಬಗ್ಗೆ ಹೇಳುವವನ ಹಾಗೆ ಹೇಳಿದ.

"ಅವ್ಳಪ್ಪನ ಮೇಲೆ ಅವತ್ತು ಭಾಷಣ ಓದಿದ್ದು ನಾನೇ. ಇಪ್ಪತ್ತೆರಡು ವರ್ಷ ಆಗ ನಂಗೆ. ಬರೆದು ಕೊಟ್ಟಿದ್ರು, ಆದ್ರೆ ಓದಿದ್ದು ನಾನು, ಜೋರಾಗೇ ಓದಿದೆ. ಅದರಿಂದ ನನಗೆ ಹಾಸ್ಟೆಲಲ್ಲಿ ಬೇರೆ ಕೋಣೆ ಸಿಕ್ತು. ಇವತ್ತು ಹೌದು ಅಂದೆ ಅಂತ ಅದೇನು ಅಳಿಸಿಹೋಗಲ್ಲ. ನಿಮಗೂ ನೆನಪಿರತ್ತೆ, ಅಲ್ಲೇ ಇದ್ರಲ್ಲ."

ಹೊರಟುಹೋದ. ಸುಳ್ಳು ಹೇಳುತ್ತಿದ್ದಾನೆ ಎಂದುಕೊಳ್ಳಲು ಗ್ಲೆಬ್ ಸಾವಿಚ್ ಟ್ರಾಮಿನುದ್ದಕ್ಕೂ ಪ್ರಯತ್ನಪಟ್ಟರು. ಸುಳ್ಳು ಹೇಳುವವನು ಹಾಸ್ಟೆಲಿನ ಕೋಣೆಯ ಮಾತು ಏಕೆ ತೆಗೆಯಬೇಕು? ಈಗ ಜೇಬಿನಲ್ಲಿ ಭೂತಗನ್ನಡಿ ಇತ್ತು, ಬೆರಳು ಅದರ ಹಿಡಿಯನ್ನು ಸವರುತ್ತಿತ್ತು, ಓದಲು ಏನೂ ಇರಲಿಲ್ಲ. ತಪ್ಪಾಗಿ ಎಳೆದೆ ಎಂದೇ ಇಟ್ಟುಕೊಳ್ಳೋಣ. ತಪ್ಪು ಬರಿಯ ಕಣ್ಣಿನದೇ? ಇಸೈನ ಮಗಳು ಇವತ್ತು ಪದವಿ ಪಡೆದು ನಾಳೆ ಪುಸ್ತಕದ ಆ ಟಿಪ್ಪಣಿಗಳನ್ನು ತನ್ನ ಅಪ್ಪನ ಅಕ್ಷರದ ಕಾಗದಗಳ ಪಕ್ಕದಲ್ಲಿಟ್ಟು ನೋಡಬಹುದೆಂದು ಒಳಗೆ ಯಾವುದೋ ಮೂಲೆ ಹೆದರಿತ್ತೇ? ಹೆದರಿದ ಆ ಮೂಲೆಯೇ ಪೆನ್ಸಿಲ್ ಹಿಡಿದುಕೊಂಡಿತೇ? ಹಾಗಾದರೆ ಅದು ಬರಿಯ ತಪ್ಪಲ್ಲ. ಹಾಗಲ್ಲದಿದ್ದರೆ ಅದು ಪಾಪವಲ್ಲ. ನಾನೂರು ಪುಟ ಬರೆದವರಿಗೆ ತಮ್ಮದೇ ಒಂದು ಗೆರೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಳಿಯುವ ನಿಲ್ದಾಣ ದಾಟಿಹೋಗಿ, ಕೆಸರು ಹಿಮದಲ್ಲಿ ಹಿಂದಕ್ಕೆ ನಡೆದರು.

ಪದವಿ ಸಿಕ್ಕ ದಿನ ಔತಣ ಮಾಡಕೂಡದೆಂದು ಹೋದ ವರ್ಷದಿಂದ ಕಟ್ಟಪ್ಪಣೆ. ಊಟ ಹಾಕಿದ್ದು ಗೊತ್ತಾದರೆ ಪದವಿಯನ್ನೇ ಹಿಂದಕ್ಕೆ ತೆಗೆದುಕೊಳ್ಳಬಹುದಂತೆ. ಆದ್ದರಿಂದ ಊರಿನಲ್ಲಿ ಪ್ರಬಂಧ ಮುಗಿದ ದಿನವೇ ಯಾರಾದರೂ ಹುಟ್ಟುತ್ತಿದ್ದರು. ಇವತ್ತು ಹುಟ್ಟಿದವರು ಅಸ್ಯಾಳ ತಾಯಿ ದೋರಾ ಸೊಲೊಮೊನೊವ್ನಾ, ಊಟ ಇಸೈ ಇದ್ದ ಅದೇ ಹಳೆಯ ಮನೆಯಲ್ಲಿ. ನಿಜವಾಗಿ ಅವರ ಹುಟ್ಟುಹಬ್ಬ ನವೆಂಬರಿನಲ್ಲಿ. ಬಂದವರೆಲ್ಲ ಮಿಮೋಸಾ ಹೂವಿನ ಗೊಂಚಲು ಹಿಡಿದು, ನೂರು ವರ್ಷ ಬಾಳಿ ಎಂದು ಕೆನ್ನೆಗೆ ಮುತ್ತಿಟ್ಟು, ಈ ವರ್ಷ ಎಷ್ಟನೆಯ ಸಲ ಹುಟ್ಟುತ್ತಿದ್ದೀರಿ ಎಂದು ಚೇಷ್ಟೆ ಮಾಡುತ್ತ ಒಳಗೆ ಹೋದರು. ಗ್ಲೆಬ್ ಸಾವಿಚ್ ಹಿಂದೆ ಉಳಿದು, ಗೋಡೆ ಹಿಡಿದು, ಪಲ್ಯದ ವಾಸನೆಯ ಜಾಡಿನಲ್ಲಿ ಅಡಿಗೆಮನೆ ಸೇರಿದರು. ಇಷ್ಟು ವರ್ಷದಲ್ಲಿ ಈ ಮನೆಗೆ ಇದೇ ಮೊದಲು ಬಂದದ್ದು ಎಂಬುದು ಒಳಗೆ ಕಾಲಿಟ್ಟಾಗ ಹೊಳೆಯಿತು. ಆದರೂ ಎಡಕ್ಕೆ ತಿರುಗಬೇಕೆಂದು ಕಾಲಿಗೆ ಹೇಗೋ ಗೊತ್ತಿತ್ತು.

ದೋರಾ ಸೊಲೊಮೊನೊವ್ನಾ ಕೋಸಿನ ಕಡುಬನ್ನು ಕತ್ತರಿಸುತ್ತಿದ್ದರು. ಚಾಕು ಮರದ ಹಲಗೆಗೆ ತಾಗುವ ಸದ್ದು ಕೇಳುತ್ತಿತ್ತು. ಗ್ಲೆಬ್ ಸಾವಿಚ್ ನಿಂತಲ್ಲೇ ಹೇಳಿದರು. ಆ ಒಂದು ಮತ ನನ್ನದಿರಬೇಕು, ಬೇಕೆಂದು ಹಾಕಿದ್ದಲ್ಲ, ಕಣ್ಣು ಕಾಣಲಿಲ್ಲ, ಭೂತಗನ್ನಡಿ ಕೆಳಗಿತ್ತು, ಕೈ ಅದಾಗಿ ಎಲ್ಲೋ ಎಳೆಯಿತು ಎಂದರು. ಹೇಳುತ್ತ ಹೋದ ಹಾಗೆ ಮಾತು ಹಗುರಾಗುತ್ತಿತ್ತು, ಹಗುರಾದದ್ದು ಅವರಿಗೇ ಇಷ್ಟವಾಗಲಿಲ್ಲ. ಚಾಕುವಿನ ಸದ್ದು ನಿಲ್ಲಲಿಲ್ಲ.

"ಅವತ್ತೂ ಹೀಗೇ ಅಂದ್ರಿ," ಎಂದರು ದೋರಾ.

"ಯಾವತ್ತು?"

"ಆ ಸಭೆ ಆದ ಭಾನುವಾರ. ಇಲ್ಲಿಗೆ ಬಂದಾಗ."

"ನಾನು ಬರ್ಲಿಲ್ಲ ದೋರಾ ಸೊಲೊಮೊನೊವ್ನಾ. ಮೆಟ್ಟಿಲ ತನಕ ಬಂದು ವಾಪಸ್ ಹೋದೆ. ಚೆನ್ನಾಗಿ ನೆನಪಿದೆ, ಒಂದು ಬೆಕ್ಕಿತ್ತು."

"ಬೆಕ್ಕು ಇತ್ತು. ನೀವೂ ಬಂದ್ರಿ. ಆ ಸ್ಟೂಲ್ ಮೇಲೆ ಕೂತ್ರಿ. ಇಸೈ ನಿಮಗೆ ಸೂಪ್ ಬಡಿಸಿದ್ರು, ಎರಡು ಸಲ ಹಾಕಿಸಿಕೊಂಡ್ರಿ. ಕೈ ಅದಾಗೇ ಮೇಲೆ ಹೋಯ್ತು ಅಂದ್ರಿ. ನೀವು ಹೋದ್ಮೇಲೆ ಇಸೈ ಅಂದ್ರು, ಇರಬಹುದು ದೋರಾ, ಹಾಗೂ ಆಗತ್ತೆ ಅಂತ. ಅವರಿಗೆ ನಿಮ್ಮ ಮೇಲೆ ಅಷ್ಟು ಪ್ರೀತಿ. ನಾನು ಆ ತಟ್ಟೆ ತೊಳೀಲಿಲ್ಲ, ಕಸಕ್ಕೆ ಹಾಕಿದೆ."

ಗ್ಲೆಬ್ ಸಾವಿಚ್ ಸ್ಟೂಲಿಗಾಗಿ ಕೈ ಚಾಚಿದರು, ಚಾಚಿದಲ್ಲೇ ಅದಿತ್ತು. ಸೂಪು. ಬೀಟ್‌ರೂಟಿನದೇ, ಕೋಸಿನದೇ? ನಾಲಗೆ ಏನೂ ಹೇಳಲಿಲ್ಲ. ಇಳಿದು ಹೋದದ್ದು ನಿಜವಾಗಿ ಇಳಿದದ್ದೇ, ಇಲ್ಲಿಂದ ತಿಂದು ಹೊರಟವರು ಇಳಿದದ್ದೇ? ಇಪ್ಪತ್ತೇಳು ವರ್ಷ ಅವರು ನಾಚಿಕೊಂಡದ್ದು ಬಾರದೆ ಹೋದದ್ದಕ್ಕೆ. ಬಂದದ್ದಕ್ಕೆ ನಾಚಿಕೊಳ್ಳಲು ಈಗ ಎಲ್ಲಿಂದ ಶುರುಮಾಡಬೇಕು? ದೋರಾಗೂ ಎಪ್ಪತ್ತಾಗಿದೆ, ಅವರೂ ಮರೆಯುತ್ತಿರಬಹುದು ಎಂಬ ಯೋಚನೆ ಬಂತು. ಹಾಗೆ ಹೇಳಲು ಬಾಯಿಯನ್ನೂ ತೆರೆದರು.

"ಯಾವಾಗ ನೋಡಿದ್ರೂ ನಿಮ್ಮ ಕೈಯೇ ಏನೋ ಮಾಡಿರತ್ತೆ," ಎಂದರು ದೋರಾ, ಕೋಪವಿಲ್ಲದೆ. "ಆಗ ನೀವು ಎಲ್ಲಿರ್ತೀರಿ ಗ್ಲೆಬ್ ಸಾವಿಚ್?"

ಒಳಗಿನ ಕೋಣೆಯಲ್ಲಿ ಯಾರೋ ಹುಟ್ಟುಹಬ್ಬದವರನ್ನು ಕೂಗುತ್ತಿದ್ದರು. ದೋರಾ ಕಡುಬಿನ ದೊಡ್ಡ ತಟ್ಟೆಯನ್ನು ಎತ್ತಿ ಅವರ ಎರಡು ಕೈಗೂ ಒಪ್ಪಿಸಿ, ಬಿಸಿಯಿದೆ, ಹುಷಾರು ಎಂದರು. ಆಮೇಲೆ, ನನಗೆ ಹೇಳಿ ಏನು ಪ್ರಯೋಜನ, ನನಗೆ ಗೊತ್ತಿದೆ, ಅವಳು ಯಾವತ್ತೂ ನನ್ನನ್ನ ಕೇಳಿಲ್ಲ, ನಿಮ್ಮ ಬಾಯಿಂದ ಬರಲಿ ಅಂತ ಗುರುವಾರ ಗುರುವಾರ ಬಂದಳೋ ಏನೋ ಎಂದರು.

ಕೋಣೆಯಲ್ಲಿ ಬೆಳಕು ಹೆಚ್ಚಿತ್ತು, ಜನ ಬಣ್ಣಬಣ್ಣದ ಮಂಜು. ಕಡುಬು ಬಂತು, ದಾರಿ ಬಿಡಿ ಎಂದು ನಕ್ಕರು. ನೀಲಿ ಎದ್ದು ಹತ್ತಿರ ಬಂತು. ಕೊಡಿ ಗ್ಲೆಬ್ ಸಾವಿಚ್, ಕೈ ಸುಡುತ್ತೆ ಎಂದಳು ಅಸ್ಯಾ. ಅವರು ತಟ್ಟೆ ಬಿಡಲಿಲ್ಲ. ಬಿಟ್ಟರೆ ಯಾರಾದರೂ ಕೂರಿಸುತ್ತಾರೆ, ಗ್ಲಾಸು ಕೊಡುತ್ತಾರೆ, ಹೊಗಳಿ ಎರಡು ಮಾತಾಡಿ ಎನ್ನುತ್ತಾರೆ, ಅವರು ಆಡುತ್ತಾರೆ.

"ಅಸ್ಯಾ, ನಲವತ್ತೊಂಬತ್ತರಲ್ಲಿ ನಿಮ್ಮಪ್ಪನ್ನ ತೆಗೆದುಹಾಕೋಕೆ ನಾನು ಕೈ ಎತ್ತಿದೆ. ಮತ್ತೆ ಮೂಳೆ ಹೆಸರು ಹೇಳಿಕೊಡೋಕೆ ಕಳಿಸ್ತಾರೆ ಅಂತ ಹೆದರಿದ್ದೆ. ನೋಡಿಕೊಂಡೇ ಎತ್ತಿದೆ. ಪುಸ್ತಕದ ಟಿಪ್ಪಣಿ ಎಲ್ಲಾ ಅವನದು. ಹೆಸರು ಹಾಕಲಿಲ್ಲ."

ಮಾತು ಅಷ್ಟು ಗಟ್ಟಿಯಾಗಿ ಬಂದೀತೆಂದು ಅವರಿಗೇ ತಿಳಿದಿರಲಿಲ್ಲ. ಅಸ್ಯಾ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಯನ್ನು ತೆಗೆದುಕೊಂಡು ಹಿಂದೆ ಯಾರಿಗೋ ದಾಟಿಸಿದಳು.

"ಇವತ್ತು?" ಎಂದಳು.

"ಇವತ್ತಿಂದು ಗೊತ್ತಿಲ್ಲ ಕಣಮ್ಮ. ನಿಜವಾಗಿ ಗೊತ್ತಿಲ್ಲ."

ಮೊದಲನೆಯ ಮಾತನ್ನು ನಂಬಲು ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ಈ ಎರಡನೆಯದು ಅಷ್ಟೇ ನಿಜ, ಆದರೆ ಅದಕ್ಕೆ ಅವರ ಬಳಿ ಯಾವ ಸಾಕ್ಷಿಯೂ ಇರಲಿಲ್ಲ, ತಮಗೆ ತಾವೂ ಅಲ್ಲ. ಅವಳು ನಂಬಿದಳೋ ಇಲ್ಲವೋ ಮುಖ ನೋಡಿ ತಿಳಿಯುವಷ್ಟು ಕಣ್ಣಿರಲಿಲ್ಲ. ಅವಳಾಗಿ ಬಾಯಿ ಬಿಟ್ಟು ಏನಾದರೂ ಅನ್ನಬೇಕಿತ್ತು. ಸುಟ್ಟ ಬೆರಳುಗಳನ್ನು ಕೋಟಿಗೆ ಒರೆಸಿಕೊಳ್ಳದೆ, ಕುರ್ಚಿಗಾಗಿ ತಡವದೆ, ಗ್ಲೆಬ್ ಸಾವಿಚ್ ಆ ನೀಲಿಯ ಎದುರು ಕಾಯುತ್ತ ನಿಂತರು.